ಒಂದು ಗೇಣು ಸಡಿಲ

ನಮ್ಮ ಮನೆಯಲ್ಲಿ ಸಂಜೆ ತಟ್ಟೆ ಹಾಕುವುದು ಯಾರ ಹಸಿವಿನ ಮೇಲೂ ನಿಂತಿರಲಿಲ್ಲ, ದೋಣಿಯ ಮೇಲೆ ನಿಂತಿತ್ತು. ಮೊದಲು ದೋಣಿ ಕಟ್ಟಬೇಕು, ಆಮೇಲೆ ಮಂಗಳಾರತಿ, ಆಮೇಲೆ ಊಟ. ಅವ್ವ ರೊಟ್ಟಿ ಬಡಿದು ಬುಟ್ಟಿಗೆ ಹಾಕಿ, ಮೇಲೊಂದು ಬಟ್ಟೆ ಮುಚ್ಚಿ, ಅಡಿಗೆಮನೆಯ ಹೊಸ್ತಿಲ ಬಳಿ ಕೂತು ಹೊಳೆಯ ಕಡೆಗೆ ಕಿವಿ ಇಟ್ಟಿರುತ್ತಿದ್ದಳು. ಹೊಳೆಯ ಕಡೆಯಿಂದ ಬರುತ್ತಿದ್ದದ್ದು ಅಪ್ಪನ ದನಿ. "ಜಗ್ಗು." ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಜಗ್ಗು." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅಷ್ಟ್ಯಾಕ ಜಗ್ಗಿದಿ?" ಇದನ್ನು ಕೇಳುತ್ತ ಕೇಳುತ್ತ ನನ್ನ ಬಾಲ್ಯ ಕಳೆಯಿತು, ರೊಟ್ಟಿ ಆರಿತು. ಬಿಸಿ ರೊಟ್ಟಿ ಎಂಬುದು ಬೇರೆಯವರ ಮನೆಯಲ್ಲಿ ಸಿಗುವ ತಿಂಡಿ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ನಮ್ಮೂರು ಸಿಂಗಟಾಲೂರಿನ ಹತ್ತಿರ, ತುಂಗಭದ್ರೆಯ ದಂಡೆಯ ಮೇಲೆ. ಮನೆಯ ಹಿತ್ತಿಲ ಬಾಗಿಲು ತೆರೆದರೆ ಗುಡಿ, ಗುಡಿಯ ಮುಂದೆ ಹದಿನೇಳು ಮೆಟ್ಟಿಲು, ಮೆಟ್ಟಿಲ ಕೆಳಗೆ ಹೊಳೆ. ಹೊಳೆಯ ನಡುವೆ ಒಂದು ದೊಡ್ಡ ಬಂಡೆ, ಅದರ ಮೇಲೆ ಇನ್ನೊಂದು ಸಣ್ಣ ಗುಡಿ. ದಂಡೆಯ ದೇವರಿಗೆ ಎರಡು ಹೊತ್ತು ಪೂಜೆ, ಬಂಡೆಯ ದೇವರಿಗೆ ಬೆಳಗಿನ ಒಂದೇ ಹೊತ್ತು. ದೇವರು ಎಲ್ಲಾ ಕೂಡಿ ಒಂದೇ ಕಡೆ ಕೂತಿದ್ದರೆ ಏನು ಹೋಗುತ್ತಿತ್ತು ಎಂದು ಅಪ್ಪನ ತಮ್ಮ ಕಾಕಾ ಚಿಕ್ಕವನಿದ್ದಾಗ ಕೇಳಿ, ಅಜ್ಜನಿಂದ ಹೊಡೆತ ತಿಂದಿದ್ದನಂತೆ. ಆ ಬಂಡೆಗೆ ಹೋಗಲೆಂದೇ ನಮ್ಮದೊಂದು ಹಾಯಿದೋಣಿ ಇತ್ತು. ಮಳೆಗಾಲದ ಪಡುಗಾಳಿ ಹಾಯಿಗೆ ತುಂಬಿಕೊಂಡರೆ ಹುಟ್ಟು ಮುಟ್ಟದೆಯೇ ಬಂಡೆ ಸೇರಬಹುದಿತ್ತು. ಬರುವಾಗ ಮಾತ್ರ ಹುಟ್ಟು ಹಾಕಬೇಕು. ಹೋಗುವಾಗ ಗಾಳಿ, ಬರುವಾಗ ಬೈಗುಳ. ಹಾಯಿಯ ಬಟ್ಟೆ ಬಂದದ್ದು ಕಾಕಿಯ ತವರಾದ ಬೆಟಗೇರಿಯಿಂದ. ಕಾಕಿಯ ಅಣ್ಣ ಮಗ್ಗದವನು. ದಪ್ಪ ನೂಲಿನಲ್ಲಿ ಗಟ್ಟಿಯಾಗಿ ನೇಯ್ದು ಕಳಿಸಿದ್ದ, ಆದರೆ ಕೈ ಕೇಳಬೇಕಲ್ಲ, ಎರಡೂ ಕಡೆ ಬೊಟ್ಟಗಲದ ಕೆಂಪು ದಡಿ ಬಿಟ್ಟಿದ್ದ. ಆಚೆ ದಂಡೆಯವರು ನಮ್ಮ ದೋಣಿ ಕಂಡರೆ, "ಪೂಜಾರ ಮನೀ ಸೀರಿ ಹೊಂಟೈತಿ ನೋಡ್ರಿ" ಅನ್ನುತ್ತಿದ್ದರು.

ದೋಣಿ ನಿಲ್ಲಿಸಲು ಮೆಟ್ಟಿಲುಗಳ ಪಕ್ಕದಲ್ಲಿ ಎರಡು ಕಲ್ಲುಗೋಡೆಗಳ ನಡುವೆ ಒಂದು ಸಂದು ಇತ್ತು. ದೋಣಿ ಅದರೊಳಗೆ ಮೂಗು ತೂರಿಸಿ, ದನ ಮೇವಿಗೆ ನಿಂತ ಹಾಗೆ ನಿಲ್ಲುತ್ತಿತ್ತು. ಹಾಗಾಗಿ ಮನೆಯಲ್ಲಿ ಅದಕ್ಕೆ ಗ್ವಾದ್ಲಿ ಎಂದೇ ಹೆಸರು. ಗೋಡೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲುಗೂಟ. ಹಗಲು ಒಂದೇ ಹಗ್ಗ ಸಾಕಿತ್ತು, ರಾತ್ರಿಗೆ ನಾಲ್ಕೂ ಬೇಕು. ಈ ನಾಲ್ಕು ಗೂಟಕ್ಕೆ ನಾಲ್ಕು ಹಗ್ಗ ಹೇಗೆ ಕಟ್ಟಬೇಕು ಎಂಬ ವಿದ್ಯೆ ಊರಲ್ಲಿ ಗೊತ್ತಿದ್ದದ್ದು ಒಬ್ಬ ಮನುಷ್ಯನಿಗೆ, ನಮ್ಮ ಅಪ್ಪನಿಗೆ. ಹಗ್ಗ ಮುಟ್ಟಬಾರದೆಂದು ಕಟ್ಟಳೆ ಇದ್ದದ್ದೂ ಊರಲ್ಲಿ ಒಬ್ಬನಿಗೇ. ಅವನೂ ನಮ್ಮ ಅಪ್ಪ. ಸಂಜೆ ಮಿಂದು ಮಡಿಯುಟ್ಟ ಮೇಲೆ ಆರತಿ ಮುಗಿಯುವ ತನಕ ಅವನು ಹಗ್ಗ ಮುಟ್ಟುವಂತಿರಲಿಲ್ಲ. ದೋಣಿ ಮುಟ್ಟಬಹುದು. ಕಟ್ಟಿಗೆಗೆ ಮೈಲಿಗೆ ಇಲ್ಲ, ನೀರಿಗಂತೂ ಇಲ್ಲವೇ ಇಲ್ಲ, ಹಗ್ಗಕ್ಕೆ ಮಾತ್ರ ಇದೆ. ಹಗ್ಗ ಎಂದರೆ ದನ ಕಟ್ಟಿದ್ದು, ಹತ್ತು ಮಂದಿ ಹಿಡಿದದ್ದು, ಎಲ್ಲೆಲ್ಲೋ ಬಿದ್ದು ಎದ್ದು ಬಂದದ್ದು. ಇದು ಅಜ್ಜ ಕೊಟ್ಟು ಹೋದ ತೀರ್ಪು, ಮೇಲೆ ಅಪೀಲು ಇಲ್ಲ. "ಮಡಿ ಉಡೂಕಿಂತ ಮೊದಲ ದೋಣಿ ಕಟ್ಟಿದ್ರ ಆಗೂದಿಲ್ಲೇನ್ರಿ?" ಎಂದು ಕಾಕಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಲ ಕೇಳಿದ್ದಳು. ಇಡೀ ಮನೆ ಅವಳನ್ನು ಬೆಟಗೇರಿಯವಳು ಎಂಬಂತೆ ನೋಡಿತು. ಅಲ್ಲಿಗೆ ಆ ಮಾತು ಮುಗಿಯಿತು.

ಹಾಗಾಗಿ ಬಲ್ಲವನು ಮೇಲಿನ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತು ಬಾಯಲ್ಲಿ ಕಟ್ಟುತ್ತಿದ್ದ, ಅರಿಯದವನು ಎದೆಮಟ್ಟದ ನೀರಿನಲ್ಲಿ ನಿಂತು ಕೈಯಲ್ಲಿ ಕಟ್ಟುತ್ತಿದ್ದ. ಅರಿಯದವನು ಎಂದರೆ ನಮ್ಮ ಶೇಕಪ್ಪ ಕಾಕಾ. ಮುಂಡರಗಿ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರ. ದಿನವಿಡೀ ನಲವತ್ತು ಹುಡುಗರಿಗೆ ಎಡ ಬಲ ಹೇಳಿಕೊಟ್ಟು, ಬೈದು, ಸೈಕಲ್ ತುಳಿದು ಮನೆಗೆ ಬರುತ್ತಿದ್ದ. ಬಂದವನು ಟೆರಿಕಾಟ್ ಪ್ಯಾಂಟನ್ನು ಮೊಣಕಾಲ ಮೇಲೆ ಮಡಚಿ ನೀರಿಗಿಳಿದರೆ, ಎಡ ಬಲ ಗೊತ್ತಿಲ್ಲವೆಂದು ಅಣ್ಣನಿಂದ ಬೈಸಿಕೊಳ್ಳುವ ಪಾಳಿ. ಪ್ಯಾಂಟು ಎಷ್ಟು ಮಡಚಿದರೂ ತೋಯುತ್ತಿತ್ತು. ಆದರೂ ಮಡಚುತ್ತಿದ್ದ, ಮಾಸ್ತರ ನೋಡಿ.

"ಎಡಕ್ಕ ಜಗ್ಗೋ ಶೇಕ್ಯಾ."

"ಎಡಕ್ಕ ಜಗ್ಗೇನಿ."

"ಅದು ನಿನ್ನ ಎಡಾ. ನನ್ನ ಎಡಕ್ಕ ಜಗ್ಗು."

"ಅಣ್ಣಾ, ನಿನ್ನ ಎಡಾ ದಿನಾ ಬದಲಿ ಆಕ್ಕೈತಿ."

"ನಾ ನಿಂತಲ್ಲೇ ನಿಂತೇನಿ. ನೀ ಸುತ್ತಾಕ ಹತ್ತಿ."

ಕೆಲಸದ ಕ್ರಮವೇನೋ ಚೆನ್ನಾಗಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಮೊದಲು ಮೂಗುದಾರ, ದೋಣಿಯ ಮೂತಿಯಿಂದ ಮುಂದಿನ ಗೂಟಕ್ಕೆ. ಆಮೇಲೆ ಬಾಲದ ಹಗ್ಗ, ಹಿಂದಿನ ಗೂಟಕ್ಕೆ. ಇವೆರಡು ಕಟ್ಟಿದರೆ ದೋಣಿ ಪಕ್ಕಕ್ಕೆ ಹೋಗುವುದಿಲ್ಲ, ಆದರೆ ತೆರೆ ಬಂದಾಗ ಹಿಂದೆ ಮುಂದೆ ಓಡಾಡಿ ಮೂತಿ ಜಜ್ಜಿಕೊಳ್ಳುತ್ತದೆ. ಅದಕ್ಕೆ ಎರಡು ಕತ್ರಿ ಹಗ್ಗ. ಒಂದು ಮೂತಿಯಿಂದ ಹಿಂದಿನ ಗೂಟಕ್ಕೆ, ಇನ್ನೊಂದು ಬಾಲದಿಂದ ಮುಂದಿನ ಗೂಟಕ್ಕೆ, ಕತ್ತರಿಯ ಹಾಗೆ ಅಡ್ಡ ಹಾಯಬೇಕು. ನಾಲ್ಕನ್ನೂ ಮೈಯೊಳಗಿನ ಬಲವೆಲ್ಲ ಹಾಕಿ ಬಿಗಿಯಬೇಕು. ಬಿಗಿದು, ಉಸಿರು ಬಿಟ್ಟು, ಪ್ಯಾಂಟು ಹಿಂಡುವ ಹೊತ್ತಿಗೆ ಅಪ್ಪ ಕೊನೆಯ ಮಾತು ಹೇಳುತ್ತಿದ್ದ.

"ಈಗ ಒಂದೊಂದು ಗೇಣು ಸಡ್ಲ ಬಿಡು."

ಕಾಕಾನ ಸಿಟ್ಟು ನೆತ್ತಿಗೇರುತ್ತಿದ್ದದ್ದು ಇಲ್ಲೇ. ಸಡಿಲ ಬಿಡುವುದಿದ್ದರೆ ಬಿಗಿದದ್ದು ಯಾಕೆ? ಅಪ್ಪನ ಉತ್ತರ ಒಂದೇ: ಬಿಗಿದು ಬಿಟ್ಟರೆ ಎಷ್ಟು ಬಿಟ್ಟೆ ಎಂಬುದು ತಿಳಿಯುತ್ತದೆ, ಸುಮ್ಮನೆ ಬಿಟ್ಟರೆ ತಿಳಿಯುವುದಿಲ್ಲ. ಮೇಲಿನ ಸೀಮೆಯಲ್ಲಿ ಎಲ್ಲೋ ಮಳೆ ಹೊಡೆದರೆ, ನಮ್ಮಲ್ಲಿ ಬಿಸಿಲಿದ್ದಾಗಲೇ ಹೊಳೆ ಎರಡು ಮೂರು ಮೆಟ್ಟಿಲು ಏರಿಬಿಡುತ್ತಿತ್ತು. ನೀರು ಏರಿದಂತೆ ದೋಣಿ ಏರಬೇಕು, ಏರಲು ಹಗ್ಗ ಬಿಡಬೇಕು. "ದೋಣಿ ಮೆಲಕಾಡಿಸೋ ಎಮ್ಮಿ ಹಂಗ ಅಲುಗತಿರಬೇಕು" ಎನ್ನುತ್ತಿದ್ದ ಅಪ್ಪ, "ಅಲುಗಲಿಲ್ಲಂದ್ರ ಸತ್ತೈತಿ ಅಂತ ತಿಳಿ." ಮತ್ತೆ ಗೇಣು ಎಂದರೆ ಅಪ್ಪನ ಗೇಣು. ಕಾಕಾನ ಕೈ ಸಣ್ಣದು, ಸೀಮೆಸುಣ್ಣ ಹಿಡಿಯುವ ಕೈ. ಅವನು ತನ್ನ ಒಂದು ಗೇಣಿಗೆ ಎರಡು ಬೆರಳು ಸೇರಿಸಬೇಕು. ಸೇರಿಸಿದನೋ ಇಲ್ಲವೋ ಎಂದು ಹದಿನೇಳು ಮೆಟ್ಟಿಲ ಮೇಲಿಂದ ಅಪ್ಪ ಕಂಡುಹಿಡಿಯುತ್ತಿದ್ದ. ಓದುವಾಗ ಮಾತ್ರ ಅವನಿಗೆ ಕನ್ನಡಕ ಬೇಕಿತ್ತು.

ಇನ್ನು ನಾನು. ಈರಣ್ಣ ಎಂದು ಹೆಸರಿಟ್ಟು ಈರ್ಯಾ ಎಂದು ಕರೆಯುತ್ತಿದ್ದರು. ನನಗೆ ಓದು ಬರುತ್ತಿರಲಿಲ್ಲ, ಈಜು ಬರುತ್ತಿತ್ತು, ಮತ್ತು ಎಲ್ಲರ ಹಾಗೆ ಮಾತಾಡಲು ಬರುತ್ತಿತ್ತು. ಕಾಕಾ ಶಾಲೆಯ ಹುಡುಗರನ್ನು ಕರೆದುಕೊಂಡು ಮಾಗಡಿ ಕೆರೆಗೆ ಹೋದಾಗ ನನ್ನನ್ನೂ ಒಯ್ದಿದ್ದ. ಅಲ್ಲಿನ ಹಕ್ಕಿಗಳ ಹಾಗೆ ಕೂಗಿ, ದಂಡೆಯಲ್ಲಿ ನಿದ್ದೆ ಮಾಡುತ್ತಿದ್ದ ಹೆಡ್ ಮಾಸ್ತರರನ್ನು ಎಬ್ಬಿಸಿದ್ದೆ. ಕಾಕಿ ತವರಿನ ಸುದ್ದಿ ಹೇಳುವಾಗ ಮೂಗಿನಿಂದ ತೆಗೆಯುವ ರಾಗ, ಅವ್ವ ಸಿಟ್ಟು ಬಂದಾಗ ಮಾತಿನ ಕೊನೆಗೆ ನುಂಗುವ ಉಗುಳು, ಕಾಕಾ ಪಾಠ ಹೇಳುವಾಗ ಎರಡೆರಡು ಸಲ ಹೇಳುವ "ತಿಳೀತಾ, ತಿಳೀತಾ", ಇವೆಲ್ಲ ನನ್ನ ಬಾಯಲ್ಲಿ ಯಾವಾಗಲೂ ತಯಾರು. ನನ್ನದೇ ಮಾತು ಎಂಬುದು ಏನಿತ್ತೋ ನನಗೇ ಗೊತ್ತಿರಲಿಲ್ಲ. ಬೇಕೂ ಆಗಿರಲಿಲ್ಲ. ಅಪ್ಪನ ದನಿ ಬಹಳ ದಿನ ಕೈಗೆ ಸಿಕ್ಕಿರಲಿಲ್ಲ, ಅದು ಹೊಟ್ಟೆಯ ಒಳಗಿನಿಂದ ಬರುವ ದನಿ. ಗುಡಿಯ ಹಿಂದೆ ನಿಂತು ಒಂದು ಬೇಸಿಗೆಯಿಡೀ ಕಲಿತೆ. ಹೊಡೆತದ ಭಯವಿರಲಿಲ್ಲ. ಮಡಿಯಲ್ಲಿದ್ದಾಗ ಅಪ್ಪ ನನ್ನನ್ನು ಮುಟ್ಟುವಂತಿರಲಿಲ್ಲ. ಮಡಿ ಇಲ್ಲದಾಗ ನಾನು ಎದುರಿಗೆ ಇರುತ್ತಿರಲಿಲ್ಲ.

ಆ ಸಂಜೆ ಅವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಇದನ್ನು ನನ್ನ ಪರವಾಗಿ ಹೇಳುತ್ತಿದ್ದೇನೆ. ಎಳ್ಳು, ಶೇಂಗಾ ಹುರಿದ ವಾಸನೆ ಹಿತ್ತಿಲು ದಾಟಿ ಮೆಟ್ಟಿಲ ತನಕ ಬಂದಿತ್ತು. ನಾನು ಮೇಲಿನ ಮೆಟ್ಟಿಲ ಅಂಚಿಗೆ ಕೂತು ಹೊಟ್ಟೆ ಹಿಡಿದುಕೊಂಡು ನೋಡುತ್ತಿದ್ದೆ. ಕೆಳಗೆ ಕಾಕಾ ನಮ್ಮ ಕಡೆ ಬೆನ್ನು ಮಾಡಿ ನಾಲ್ಕನೆಯ ಹಗ್ಗ ಬಿಗಿಯುತ್ತಿದ್ದ. ಅಷ್ಟರಲ್ಲಿ ಪ್ರಸಾದ ಕೇಳಿಕೊಂಡು ಲಕ್ಷ್ಮೇಶ್ವರದ ಕಡೆಯಿಂದ ಗಂಡಹೆಂಡಿರು ಬಂದರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವಸರ. ಅವ್ವ ಬಂದು ಕೈ ಮಾಡಿ ಅಪ್ಪನನ್ನು ಕರೆದಳು, ಅಪ್ಪ ಸದ್ದಿಲ್ಲದೆ ಗುಡಿಯೊಳಗೆ ಹೋದ. ಕಾಕಾನಿಗೆ ಇದು ಕಾಣಲಿಲ್ಲ. ಹಗ್ಗ ಬಿಗಿದ, ಉಸಿರು ಬಿಟ್ಟ, ತಿರುಗದೆಯೇ ಕೇಳಿದ.

"ಅಣ್ಣಾ, ಇನ್ನೇನರ ಐತೇನು?"

ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಒಂದೊಂದು ಗೇಣು ಸಡಿಲ, ನಾಲ್ಕು ಹಗ್ಗ, ನಾಲ್ಕು ಜಗಳ, ಅಂದರೆ ಇನ್ನೂ ಅರ್ಧ ತಾಸು. ಎಣ್ಣೆಗಾಯಿ ಆರುತ್ತಿತ್ತು. ನಾನು ಹೊಟ್ಟೆಯ ಒಳಗಿನಿಂದ ಅಪ್ಪನನ್ನು ಎತ್ತಿ ಹೊರಗಿಟ್ಟೆ.

"ಆತು ಸಾಕು. ಮ್ಯಾಲ ಬಾ."

ಅಷ್ಟು ಚೆನ್ನಾಗಿ ಅದಕ್ಕೂ ಮೊದಲು ಯಾವತ್ತೂ ಬಂದಿರಲಿಲ್ಲ. ಕಾಕಾ ಪಾಪ ಒಂದು ಕ್ಷಣ ಹಾಗೇ ನಿಂತ, ಕಿವಿಯನ್ನು ತಾನೇ ನಂಬದವನ ಹಾಗೆ. ಅಣ್ಣನ ಮನಸ್ಸು ಬದಲಾಗುವ ಮೊದಲೇ ಎಂದು ಎರಡೆರಡು ಮೆಟ್ಟಿಲು ಹತ್ತಿ ಬಂದು ಪ್ಯಾಂಟು ಹಿಂಡಿದ. ಅಪ್ಪ ಗುಡಿಯಿಂದ ಹೊರಬಂದು ನೋಡಿದರೆ ತಮ್ಮ ಆಗಲೇ ಮೇಲೆ.

"ಆತೇನು?"

"ಆತು."

ಇಷ್ಟೇ ಮಾತು. ತಾನು ಇಲ್ಲದಾಗ ತಮ್ಮ ತಾನಾಗಿಯೇ ಸಡಿಲ ಬಿಟ್ಟು ಬಂದಿದ್ದಾನೆ ಎಂದು ಅಪ್ಪ ತಿಳಿದ. ಅಣ್ಣ ಇವತ್ತು ಸಡಿಲ ಬೇಡ ಅಂದಿದ್ದಾನೆ ಎಂದು ಕಾಕಾ ತಿಳಿದಿದ್ದ. ಊಟಕ್ಕೆ ಕೂತಾಗ ಅಪ್ಪ ಎಂದೂ ಮಾಡದ ಕೆಲಸ ಮಾಡಿದ, ತಮ್ಮನನ್ನು ಹೊಗಳಿದ. "ಶೇಕ್ಯಾ ಇವತ್ತ ಹೇಳಿಸಿಕೊಳ್ಳದ ಮಾಡ್ಯಾನ ನೋಡು. ಬುದ್ಧಿ ಬಂತು." ಯಾವುದಕ್ಕೆ ಹೊಗಳಿದನೆಂದು ಕಾಕಾನಿಗೆ ತಿಳಿಯಲಿಲ್ಲ. ಅವನು ನಕ್ಕ, ಕಾಕಿ ಸೆರಗು ಬಾಯಿಗೆ ಹಿಡಿದು ನಕ್ಕಳು, ಅವ್ವ ಇಬ್ಬರಿಗೂ ಇನ್ನೊಂದೊಂದು ಬದನೆಕಾಯಿ ಬಡಿಸಿದಳು. ರೊಟ್ಟಿ ಬಿಸಿಯಿತ್ತು. ಎರಡನೆಯ ತುತ್ತಿಗೆ ನನಗೆ ಹಗ್ಗಗಳು ನೆನಪಾದವು. ಎದ್ದು ಹೋಗಿ ನಾನೇ ಸಡಿಲ ಬಿಟ್ಟು ಬರಬಹುದಿತ್ತು. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಹೊಳೆ ಇವತ್ತೇ ಏರಬೇಕೆಂದು ಏನಿದೆ, ಎಂದು ಸಮಾಧಾನ ಮಾಡಿಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಹೊಳೆ ಮೂರು ಮೆಟ್ಟಿಲು ಏರಿತು. ಬೆಳಿಗ್ಗೆ ಮೀಯಲು ಹೋದ ಅಪ್ಪ ಕೂಗಾಡುತ್ತ ಬರಲಿಲ್ಲ, ಸುಮ್ಮನೆ ಬಂದು ಹಿತ್ತಿಲ ಬಾಗಿಲಲ್ಲಿ ನಿಂತು, "ಶೇಕಪ್ಪಾ, ಬಾ ಇಲ್ಲಿ" ಎಂದ. ಪೂರ್ತಿ ಹೆಸರು ಕೇಳಿಯೇ ಎಲ್ಲರೂ ಎದ್ದೆವು. ಗ್ವಾದ್ಲಿಯಲ್ಲಿ ದೋಣಿ ಇರಲಿಲ್ಲ. ಅಂದರೆ ಇತ್ತು, ನೀರೊಳಗೆ ಇತ್ತು. ಹರಿದುಕೊಂಡು ಹೋಗಿರಲಿಲ್ಲ, ಅಡ್ಡ ತಿರುಗಿರಲಿಲ್ಲ, ಗೋಡೆಗೆ ಬಡಿದು ಒಡೆದಿರಲಿಲ್ಲ. ನಾಲ್ಕು ಹಗ್ಗ ಬಿಗಿಯಾಗಿ ಹಿಡಿದಲ್ಲೇ ಹಿಡಿದುಕೊಂಡು, ನೀರು ಏರಿದಾಗ ಏರಲು ಬಿಡದೆ, ನಿಂತಲ್ಲೇ ಅದನ್ನು ಮುಳುಗಿಸಿದ್ದವು. ಕಟ್ಟಿದ್ದರಲ್ಲಿ ಒಂದು ಗಂಟೂ ತಪ್ಪಿರಲಿಲ್ಲ. ಮೇಲೆ ಕಾಣುತ್ತಿದ್ದದ್ದು ಹಾಯಿಕಂಬದ ತುದಿ ಒಂದೇ, ಅದಕ್ಕೆ ಸುತ್ತಿದ ಬೆಟಗೇರಿಯ ಬಟ್ಟೆಯ ಕೆಂಪು ದಡಿ, ಅದರ ಮೇಲೆ ಒಂದು ಕಾಗೆ.

"ಸಡ್ಲ ಬಿಟ್ಟಿಲ್ಲ ನೀ."

"ನೀನ ಸಾಕು ಅಂದಿ."

"ನಾ ಅಂದಿಲ್ಲ."

"ಅಣ್ಣಾ, ನನ್ನ ಕಿವೀಲೆ ಕೇಳೇನಿ. ಆತು ಸಾಕು, ಮ್ಯಾಲ ಬಾ ಅಂದಿ."

"ಇಪ್ಪತ್ತು ವರ್ಷದಾಗ ಒಂದು ದಿವಸರ ನಾ ಸಾಕು ಅಂದೇನೇನು ನಿನಗ?"

"ಅದಕ್ಕ ನನಗ ನೆನಪೈತಿ!"

ಇಬ್ಬರೂ ಖರೆ ಹೇಳುವವರು. ನಮ್ಮ ಮನೆಯ ಬಹುದೊಡ್ಡ ತೊಂದರೆ ಇದೇ. ಒಬ್ಬ ಸುಳ್ಳುಗಾರನಾಗಿದ್ದರೆ ಜಗಳ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತಿತ್ತು. ಅಪ್ಪ ಗುಡಿಯ ಗಂಟೆ ಹಿಡಿದು ಆಣೆ ಮಾಡಿದ. ಕಾಕಾ ಅದೇ ಗಂಟೆಯ ಇನ್ನೊಂದು ಕಡೆ ಹಿಡಿದು ಆಣೆ ಮಾಡಿದ. ಒಂದೇ ದೇವರ ಮುಂದೆ ಎರಡು ಆಣೆ ನಿಂತವೆಂದರೆ ಒಬ್ಬ ಸುಳ್ಳ ಆಗಲೇಬೇಕು. ಇಬ್ಬರ ಕಣ್ಣಿನಲ್ಲೂ ಇನ್ನೊಬ್ಬನೇ ಆದ. "ದಿನಾ ನೀರಾಗ ನಿಂತು ಬೈಸ್ಕೊಂಡೆ, ಅಣ್ಣ ಅಂತ ಬೈಸ್ಕೊಂಡೆ. ಸುಳ್ಳ ಅನ್ನಿಸ್ಕೊಂಡು ಇರಾಕ ಆಗೂದಿಲ್ಲ" ಎಂದು ಕಾಕಾ ಗದಗಿನ ಕಡೆಯ ಶಾಲೆಗೆ ವರ್ಗ ಕೇಳಿ ಅರ್ಜಿ ಬರೆದ. ಕಾಕಿ ಹಿಂದಿನ ಪಡಸಾಲೆಯಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ಮೊದಲ ದಿನ ಅವಳ ರೊಟ್ಟಿ ಹೊತ್ತಿತು, ಅವ್ವನ ಸಾರು ಉಪ್ಪಾಯಿತು. ಇಬ್ಬರೂ ಯಾರಿಗೂ ಹೇಳಲಿಲ್ಲ. ನಾನು ಎರಡೂ ಕಡೆ ಉಂಡಿದ್ದರಿಂದ ನನಗೆ ಗೊತ್ತು.

ನೀರು ಇಳಿದ ಮೇಲೆ, ಹರಿಗೋಲು ನಡೆಸುವ ಮೋದಿನಸಾಬ ನಾಲ್ಕು ಮಂದಿಯನ್ನು ಕರೆತಂದು ದೋಣಿ ಎತ್ತಿಸಿದ. ಹಲಗೆ ಬಿರುಕು ಬಿಟ್ಟಿದ್ದವು, ಸಂದಿಗೆ ನಾರು ತುಂಬಿ ಡಾಂಬರು ಬಳಿಯಲು ಎಂಟು ದಿನ ಬೇಕೆಂದ. ಅಲ್ಲಿಯ ತನಕ ಬಂಡೆಯ ಪೂಜೆಗೆ ಅಪ್ಪ ಅವನ ಹರಿಗೋಲಿನಲ್ಲೇ ಹೋಗಬೇಕಾಯಿತು. ಹತ್ತುವ ಮೊದಲು ವಿಚಾರಣೆ ನಡೆಯಿತು.

"ಮೋದಿನಸಾಬಾ, ಇದಕ್ಕ ತಳದಾಗ ತೊಗಲು ಹಾಕೀಯೇನು?"

"ಇಲ್ರೀ ಪೂಜಾರ್ರ. ತಾಡಪತ್ರಿ ಐತ್ರಿ. ಅದು ನಿಮಗಿಂತ ಮಡಿ ಐತ್ರಿ, ದಿನಾ ಹೊಳ್ಯಾಗ ಇರತೈತಿ."

ಹರಿಗೋಲು ಬುಟ್ಟಿಯ ಹಾಗೆ ದುಂಡಗೆ, ಸೀದಾ ಹೋಗುವುದೇ ಇಲ್ಲ, ಗರಗರ ತಿರುಗುತ್ತ ಹೋಗುತ್ತದೆ. ಎಡ ಬಲದ ಬಗ್ಗೆ ಇಪ್ಪತ್ತು ವರ್ಷ ಉಪದೇಶ ಮಾಡಿದ ಅಪ್ಪ ದಿನವೂ ಎಂಟು ದಿಕ್ಕು ನೋಡಿಕೊಂಡು ಮರಳಿ, ಗುಡಿಯ ಕಂಬ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದ. ಬೇರೆ ದಿನವಾಗಿದ್ದರೆ ಇದನ್ನು ನಾನು ಕಾಕಾನ ಮುಂದೆ ಮಾಡಿ ತೋರಿಸುತ್ತಿದ್ದೆ. ಮಾಡಿದೆ ಕೂಡ. ಕಾಕಾ ನಗಲಿಲ್ಲ. "ಅಂವಗ ಪಿತ್ತದ ಮೈ. ನಿಮ್ಮವ್ವಗ ನಿಂಬಿಹುಳಿ ಕೊಡು ಅಂತ ಹೇಳು" ಎಂದ.

ಇದೇ ನೋಡಿ ನನ್ನ ಹೊಸ ಉದ್ಯೋಗ, "ಹೇಳು" ಎಂಬುದು. ಅಣ್ಣತಮ್ಮ ಮಾತು ಬಿಟ್ಟಿದ್ದರು, ಆದರೆ ಒಂದೇ ಮನೆ, ಒಂದೇ ಗುಡಿ. ಮಾತಾಡದೆ ನಡೆಯುವುದಿಲ್ಲ. ಮೂರು ಮೊಳ ದೂರದಲ್ಲಿ ಕೂತ ತಮ್ಮನಿಗೆ ಅಪ್ಪ, "ಈರ್ಯಾ, ನಿಮ್ಮ ಕಾಕಾಗ ಹೇಳು, ಗುಡೀ ಕೀಲಿಕೈ ಎಲ್ಲಿಟ್ಟಾನ ಕೇಳು" ಎಂದರೆ, ನಾನು ಅಪ್ಪನ ಕಡೆಯಿಂದ ಮುಖ ತಿರುಗಿಸಿ ಕಾಕಾನಿಗೆ ಹೇಳಬೇಕು. ಅವನು, "ಗ್ವಾಡೀ ಮಾಡದಾಗ ಐತಿ ಅಂತ ಹೇಳು" ಎನ್ನಬೇಕು. ಇಬ್ಬರ ಮಾತನ್ನೂ ಇಬ್ಬರಿಗೂ ತಲುಪಿಸುವವನು ನಾನೇ. ಇಬ್ಬರ ನಡುವೆ ಮಾತು ಕಡಿದವನೂ ನಾನೇ. ಮೂರು ಸಲ ನಿಜ ಹೇಳಲು ಹೋದೆ. ಮೊದಲ ಸಲ ಅವ್ವನ ಬಳಿ ಬಾಯಿ ತೆರೆದರೆ ಕಾಕಿಯ ಮೂಗಿನ ರಾಗ ಬಂತು. ಅವ್ವ ಸೌಟು ತೋರಿಸಿ, "ಮನಿ ಒಡ್ಯಾಕ ಹತ್ತೈತಿ, ನಿನಗ ಸೋಗು" ಎಂದಳು. ಎರಡನೆಯ ಸಲ ಕಾಕಾನ ಸೈಕಲ್ ಹಿಂದೆ ಓಡಿ, ಅವನು ನಿಂತು ಕೇಳಿದಾಗ, ಭಯಕ್ಕೆ "ತಿಳೀತಾ, ತಿಳೀತಾ" ಎಂದೆ. ಅವನು ಬೇಸರದಿಂದ ತಲೆ ಅಲ್ಲಾಡಿಸಿ ಹೋದ. ಮೂರನೆಯ ಸಲ ಅಪ್ಪನ ಮುಂದೆ ಹೋಗಿ ನಿಂತೆ. ಅವನ ಮುಂದೆ ಅವನ ದನಿ ಬಿಟ್ಟು ಬೇರೆ ಏನೂ ನಾಲಿಗೆಗೆ ಬರಲಿಲ್ಲ. ಬಾಯಿ ಮುಚ್ಚಿಕೊಂಡು ವಾಪಸು ಬಂದೆ. ನಾನು ಅಲ್ಲಿಯ ತನಕ ಅದನ್ನು ಕಲೆ ಎಂದುಕೊಂಡಿದ್ದೆ. ಅದು ಬಿಕ್ಕಳಿಕೆಯ ಹಾಗೆ ಆಗಿಹೋಗಿತ್ತು, ಬೇಡವೆಂದರೂ ಬರುತ್ತಿತ್ತು.

ಎಂಟು ದಿನಕ್ಕೆ ದೋಣಿ ತಯಾರಾಯಿತು. ಮರುದಿನ ಬೆಳಗಿನ ಬಸ್ಸಿಗೆ ಕಾಕಾ ಕಾಕಿ ಬೆಟಗೇರಿಗೆ ಹೊರಡುವುದು, ವರ್ಗದ ಆದೇಶ ಬರುವ ತನಕ ಅಲ್ಲಿಂದಲೇ ಓಡಾಡುವುದು ಎಂದು ಗೊತ್ತಾಗಿತ್ತು. ಕಾಕಿಯ ಟ್ರಂಕು ಪಡಸಾಲೆಯಲ್ಲಿ ಹಗ್ಗ ಬಿಗಿಸಿಕೊಂಡು ಕೂತಿತ್ತು. ಆ ಸಂಜೆ ಕಾಕಾ ಯಾರೂ ಕರೆಯದೆಯೇ ಪ್ಯಾಂಟು ಮಡಚಿ ನೀರಿಗಿಳಿದ, ಕೊನೆಯ ಸಲ ಕಟ್ಟಿ ಹೋಗುತ್ತೇನೆ ಎಂಬಂತೆ. ಅಪ್ಪ ಮಡಿಯುಟ್ಟು ಮೇಲೆ ನಿಂತ. ನಾನು ಇಬ್ಬರ ನಡುವೆ ಎಂಟನೆಯ ಮೆಟ್ಟಿಲ ಮೇಲೆ.

"ಅಂವಗ ಹೇಳು, ಮೂಗದಾರ ಎಡಕ್ಕ ಜಗ್ಗಬೇಕು."

"ಕಾಕಾ, ಮೂಗದಾರ ಎಡಕ್ಕ ಜಗ್ಗಬೇಕಂತ."

"ಯಾರ ಎಡಕ್ಕ, ಕೇಳು."

"ಅಪ್ಪಾ, ಯಾರ ಎಡಕ್ಕ?"

ಅಪ್ಪ ತನ್ನ ಎರಡೂ ಕೈ ನೋಡಿಕೊಂಡ. "ಅವನ ಎಡಕ್ಕ" ಎಂದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಕಾಕಾ ತಿರುಗಿ ನೋಡಲಿಲ್ಲ, ಆದರೆ ಅವನ ಕೈ ಹಗ್ಗದ ಮೇಲೆ ಒಂದು ಗಳಿಗೆ ನಿಂತಿತು. ಬಾಲದ ಹಗ್ಗ ಆಯಿತು, ಕತ್ರಿ ಹಗ್ಗಗಳಾದವು. ಬೈಗುಳವಿಲ್ಲದೆ ದೋಣಿ ಕಟ್ಟುವುದು ಇಷ್ಟು ಬೇಗ ಮುಗಿಯುತ್ತದೆಂದು, ಇಷ್ಟು ಕೆಟ್ಟದಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಕಾ ನಾಲ್ಕನೆಯ ಗಂಟು ಬಿಗಿದು ಬೆನ್ನು ಹಾಕಿಯೇ ನಿಂತ.

"ಇನ್ನೇನರ ಐತೇನು, ಕೇಳು ಅವರನ್ನ."

ಅವರನ್ನ. ಅಣ್ಣ ಹೋಗಿ ಅವರು ಆಗಿದ್ದ. ಅಪ್ಪ ಕಟ್ಟಿದ ಕೈ ಬಿಚ್ಚಿದ, ಮತ್ತೆ ಕಟ್ಟಿದ. ಒಂದು ಗೇಣು ಸಡಿಲ ಬಿಡು ಅಂದರೆ ಮತ್ತೆ ಅದೇ ಜಗಳ, ಅನ್ನದಿದ್ದರೆ ಮತ್ತೆ ಅದೇ ದೋಣಿ. ನನಗೆ ತಡೆಯಲಾಗಲಿಲ್ಲ. ಹೊಟ್ಟೆಯ ಒಳಗಿನಿಂದ ಅದು ತಾನೇ ಎದ್ದು ಬಂತು.

"ಆತು ಸಾಕು. ಮ್ಯಾಲ ಬಾ."

ಕಾಕಾ ಗಕ್ಕನೆ ತಿರುಗಿದ. ಅಪ್ಪನನ್ನು ನೋಡಿದ. ಅಪ್ಪನ ಬಾಯಿ ಮುಚ್ಚಿತ್ತು. ಅಪ್ಪ ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಂಡ. ಆಮೇಲೆ ಇಬ್ಬರೂ ಒಟ್ಟಿಗೆ ಎಂಟನೆಯ ಮೆಟ್ಟಿಲನ್ನು ನೋಡಿದರು.

"ಏನಂದಿ?" ಎಂದ ಅಪ್ಪ. "ನಿನ್ನ ದನೀಲೆ ಹೇಳು."

"ನಾ ಅಂದಿದ್ದೆ" ಎಂದೆ. "ಅವತ್ತ. ನೀ ಗುಡ್ಯಾಗ ಹೋಗಿದ್ದಿ. ಕಾಕಾ ಕೇಳಿದಾ, ನಾ ಅಂದೆ. ಎಣ್ಣಿಗಾಯಿ ಇತ್ತು." ಬಂದ ದನಿ ಯಾರದೋ ಎನಿಸಿತು, ಸಣ್ಣದು, ಒಡಕು, ಕೇಳಲು ಏನೇನೂ ಚೆನ್ನಾಗಿರಲಿಲ್ಲ. ಅದೇ ನನ್ನದಾಗಿತ್ತು.

ಅಪ್ಪ ಮೆಟ್ಟಿಲಿಳಿದು ಬಂದ. ಕೈ ಎತ್ತಿಯೇ ಬಂದ. ನಾನು ಕಣ್ಣು ಮುಚ್ಚಿದೆ. ಆಗ ಕೆಳಗಿನಿಂದ ಕಾಕಾ ಚೀರಿದ.

"ಅಣ್ಣಾ, ಮಡಿ! ಮುಟ್ಟಬ್ಯಾಡ ಅವನ್ನ, ಆರತಿ ಇನ್ನೂ ಆಗಿಲ್ಲ!"

ಅಪ್ಪನ ಕೈ ನನ್ನ ಕಿವಿಯಿಂದ ಒಂದು ಗೇಣು ದೂರ ನಿಂತಿತು. ಅವನದೇ ಗೇಣು. ಅಷ್ಟು ದಿನದ ಮೇಲೆ ಕೇಳಿದ "ಅಣ್ಣಾ" ಅವನ ಕಿವಿಗೆ ಹೋಗಿ ಕೂತದ್ದು ನನಗೆ ಕಾಣಿಸಿತು. ಮುಖ ಮಾತ್ರ ಮೊದಲಿನ ಹಾಗೆ ಸಿಟ್ಟಾಗಿಯೇ ಇತ್ತು.

"ಹಂಗಾರ ನೀನ ಹೊಡಿ" ಎಂದ, ತಮ್ಮನ ಕಡೆ ನೇರವಾಗಿ.

"ನನ್ನ ಕೈಯಾಗ ಹಗ್ಗ ಐತಿ."

"ಆ ಹಗ್ಗಾ ಅವನ ಕೈಯಾಗ ಕೊಡು. ಇಳಿಯಲೇ ಕೆಳಗ!"

ಇಳಿದೆ. ಕಾಕಾನಿಗೆ ಎದೆಮಟ್ಟದ ನೀರು ನನ್ನ ಗಲ್ಲಕ್ಕೆ ಬಂತು. ಕಾಕಾ ಹಗ್ಗ ನನ್ನ ಕೈಗೆ ತುರುಕಿ, ಮೆಟ್ಟಿಲು ಹತ್ತಿ, ಅಪ್ಪನಿಗೆ ತಾಗದ ಹಾಗೆ ಒಂದು ಮೊಳ ಬಿಟ್ಟು ಪಕ್ಕಕ್ಕೆ ನಿಂತು ಪ್ಯಾಂಟು ಹಿಂಡಿದ. ಸದ್ದು ಕೇಳಿ ಅವ್ವ, ಕಾಕಿ ಹಿತ್ತಿಲ ಬಾಗಿಲಿಗೆ ಬಂದಿದ್ದರು. ಕಾಕಿ ವಿಷಯ ತಿಳಿದ ಕೂಡಲೇ ಮೊದಲು ಅತ್ತಳು, ಆಮೇಲೆ, "ಟ್ರಂಕಿಗೆ ಅಷ್ಟು ಬಿಗದಾರ, ಇನ್ನ ಬಿಚ್ಚೋರು ಯಾರ ಅಕ್ಕಾ" ಎಂದಳು. "ಇವನ ಬಿಚ್ಚತಾನ, ಹಲ್ಲೀಲೆ" ಎಂದಳು ಅವ್ವ.

"ಒಂದೊಂದು ಗೇಣು ಸಡ್ಲ ಬಿಡು!" ಎಂದ ಅಪ್ಪ.

"ಅವನ ಗೇಣು ಸಣ್ಣದೈತಿ ಅಣ್ಣಾ. ಎರಡು ಗೇಣು ಬಿಡಲಿ."

"ಎರಡು ಹೆಚ್ಚಾಕ್ಕೈತಿ. ಒಂದೂವರಿ."

"ಒಂದೂವರಿ ಅವಗ ತಿಳೀಬೇಕಲ್ಲ, ಲೆಕ್ಕದಾಗ ಸೊನ್ನಿ ಅದಾನ. ಎರಡು ಬಿಟ್ಟು ನಾಲ್ಕು ಬೆರಳು ಜಗ್ಗಲಿ."

"ಎಡಕ್ಕ ಜಗ್ಗಲೇ!"

"ಅದು ನಿನ್ನ ಎಡಾ! ನಮ್ಮ ಎಡಕ್ಕ!"

ಕತ್ತಲಾಗುತ್ತ ಬಂದಿತ್ತು. ಮೇಲೆ ನಿಂತವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಊರಲ್ಲಿ ಎಲ್ಲರ ದನಿ ಬಲ್ಲ ನನಗೆ ಅವೆರಡರಲ್ಲಿ ಯಾವುದು ಅಪ್ಪ, ಯಾವುದು ಕಾಕಾ ಎಂದು ಬಿಡಿಸಲಾಗಲಿಲ್ಲ. ಕೂಗುವಾಗ ಇಬ್ಬರದೂ ಒಂದೇ ಗಂಟಲು. ಒಬ್ಬ ಜಗ್ಗು ಅನ್ನುತ್ತಿದ್ದ, ಅದೇ ಉಸಿರಿನಲ್ಲಿ ಇನ್ನೊಬ್ಬ ಬಿಡು ಅನ್ನುತ್ತಿದ್ದ. ಕೈ ಮರಗಟ್ಟಿತ್ತು, ರೊಟ್ಟಿ ಖಂಡಿತ ಆರಿತ್ತು, ದೋಣಿ ಮಾತ್ರ ಎಮ್ಮೆಯ ಹಾಗೆ ಆಚೆ ಈಚೆ ಅಲುಗುತ್ತ ನನ್ನ ಭುಜಕ್ಕೆ ಒರಗುತ್ತಿತ್ತು. ಕೊನೆಗೆ ರೋಸಿಹೋಗಿ, ನೀರಿನಿಂದ ಬಾಯಿ ಮೇಲೆತ್ತಿ, ನನ್ನದೇ ಆ ಹೊಸ ಒಡಕು ದನಿಯಲ್ಲಿ ಕೇಳಿದೆ.

"ಇಬ್ಬರಾಗ ನಾ ಯಾರ ಮಾತು ಕೇಳಬೇಕು?"

"ನೀ ಮೊದಲ ಬಾಯಿ ಮುಚ್ಚು!" ಅಂದರು, ಇಬ್ಬರೂ.